ಐವತ್ತೆರಡು ಲಕ್ಷ ಕಿಲೋಮೀಟರಿನ ಕೆಂಪು ಕೂಪೆ

ಹಳೇ ಕಾರು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದೇ ಓಡೋಮೀಟರ್ ಮೇಲೆ. ಐವತ್ತು ಸಾವಿರ ಎಂದಿದ್ದರೆ ಮುಖ ಅರಳುತ್ತದೆ. ಒಂದು ಲಕ್ಷ ಎಂದಿದ್ದರೆ ಚೌಕಾಸಿ ಶುರುವಾಗುತ್ತದೆ. ಎರಡು ಲಕ್ಷ ದಾಟಿದ್ದರೆ ‘ಟ್ಯಾಕ್ಸಿಗೆ ಬಿಟ್ಟಿದ್ರಾ ಸಾರ್?’ ಎಂದು ಕೇಳಿ, ಚಹಾ ಕುಡಿದು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡುತ್ತಾರೆ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿದ್ದ ವಿಜ್ಞಾನದ ಮೇಷ್ಟರೊಬ್ಬರ ಕೆಂಪು ಕಾರಿನ ಮುಂದೆ ಇವರನ್ನು ನಿಲ್ಲಿಸಬೇಕಿತ್ತು. ಅದು ಓಡಿದ್ದು ಸುಮಾರು 32.6 ಲಕ್ಷ ಮೈಲಿ, ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ 52.5 ಲಕ್ಷ ಕಿಲೋಮೀಟರ್. ಅದು ಲಾರಿಯಲ್ಲ, ಬಸ್ಸಲ್ಲ, ಟ್ಯಾಕ್ಸಿಯೂ ಅಲ್ಲ. ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆ.

ಕಾರು 1966ರ ವೋಲ್ವೋ ಪಿ1800ಎಸ್. ಮಾಲೀಕರು ಇರ್ವ್ ಗಾರ್ಡನ್. ಉದ್ದ ಮೂತಿ, ತಗ್ಗಿದ ಚಾವಣಿ, ಹಿಂಬದಿಯಲ್ಲಿ ಪುಟ್ಟ ರೆಕ್ಕೆಯಂತೆ ಎದ್ದ ಅಂಚು. ಪೆಲ್ಲೆ ಪೆಟರ್ಸನ್ ಎಂಬ ಸ್ವೀಡನ್ನಿನ ತರುಣ ಇಟಲಿಯಲ್ಲಿದ್ದಾಗ ಬಿಡಿಸಿದ ರೂಪ ಅದು. ‘ದಿ ಸೇಂಟ್’ ಎಂಬ ಟೀವಿ ಧಾರಾವಾಹಿಯಲ್ಲಿ ರೋಜರ್ ಮೂರ್ ಓಡಿಸಿದ್ದೂ ಇದೇ ಜಾತಿಯ ಕಾರನ್ನು. ಗಾರ್ಡನ್ ಅದನ್ನು 1966ರ ಜೂನ್ 30ರಂದು 4,150 ಡಾಲರಿಗೆ ಕೊಂಡರು. ಆಗಿನ ಮೇಷ್ಟರಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಕೊಂಡ ಮೊದಲ 48 ಗಂಟೆಯಲ್ಲೇ 1,500 ಮೈಲಿ ಓಡಿಸಿ, ಮೊದಲ ಸರ್ವೀಸಿಗೆಂದು ಮಳಿಗೆಗೆ ವಾಪಸ್ ತಂದು ನಿಲ್ಲಿಸಿದರು. ಎರಡು ದಿನದಲ್ಲಿ 2,400 ಕಿ.ಮೀ.! ಬೆಂಗಳೂರಿನಿಂದ ಹೊರಟವರಾಗಿದ್ದರೆ ದೆಹಲಿ ದಾಟಿ ಚಂಡೀಗಢದ ಹತ್ತಿರ ಇರುತ್ತಿದ್ದರು.

ಮೇಷ್ಟರು ದಿನಾ ಶಾಲೆಗೆ ಹೋಗಿ ಬರುವ ದಾರಿಯೇ 125 ಮೈಲಿ, ಅಂದರೆ 200 ಕಿ.ಮೀ. ರಜೆ ಬಂತೆಂದರೆ ಇನ್ನೂ ದೂರ. ಹತ್ತು ವರ್ಷಕ್ಕೆ 5 ಲಕ್ಷ ಮೈಲಿ ಮುಗಿಯಿತು. 1987ರಲ್ಲಿ 10 ಲಕ್ಷ. 1998ರಲ್ಲಿ 16.9 ಲಕ್ಷಕ್ಕೆ ಗಿನ್ನೆಸ್ ದಾಖಲೆ. 2002ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 20 ಲಕ್ಷ. 2013ರ ಸೆಪ್ಟೆಂಬರ್ 18ರಂದು ಅಲಾಸ್ಕಾದ ಹೆದ್ದಾರಿಯೊಂದರಲ್ಲಿ 30 ಲಕ್ಷ. 10 ಲಕ್ಷ ತುಂಬಿದಾಗ ಕಂಪನಿಯೇ ಒಂದು ಹೊಸ ಕೂಪೆ ಕೊಟ್ಟಿತು, 20 ಲಕ್ಷಕ್ಕೆ ಇನ್ನೊಂದು ಹೊಸ ಕಾರು. ಎರಡನ್ನೂ ಇಟ್ಟುಕೊಂಡರು, ಹಳೆಯದನ್ನು ಮಾತ್ರ ಬಿಡಲಿಲ್ಲ.

ಭೂಮಿಯ ಹೊಟ್ಟೆಯ ಸುತ್ತಳತೆ 40,075 ಕಿ.ಮೀ. ಅದನ್ನು ಈ ಕಾರು 130 ಸಲ ಸುತ್ತಿದಂತಾಯಿತು. ಭಾರತದ ರಾಷ್ಟ್ರೀಯ ಹೆದ್ದಾರಿಗಳೆಲ್ಲ ಸೇರಿ ಸುಮಾರು 1.46 ಲಕ್ಷ ಕಿ.ಮೀ. ಅಷ್ಟನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ 36 ಸಲ ಓಡಿಸಿದರೆ ಇಲ್ಲಿಗೆ ಮುಟ್ಟಬಹುದು. ಗಂಟೆಗೆ ಸರಾಸರಿ 80 ಕಿ.ಮೀ. ಎಂದು ಉದಾರವಾಗಿಯೇ ಹಿಡಿದರೂ 65,000 ಗಂಟೆ ಸ್ಟೀರಿಂಗ್ ಹಿಡಿದು ಕೂರಬೇಕು. ಊಟ, ನಿದ್ದೆ ಏನೂ ಇಲ್ಲದೆ ಏಳು ವರ್ಷ ಐದು ತಿಂಗಳು. ನನಗೆ ಇವೆಲ್ಲಕ್ಕಿಂತ ನಾಟಿದ್ದು ಬೇರೊಂದು ಲೆಕ್ಕ: 52 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಕಿ.ಮೀ. ಬರುತ್ತದೆ. ದಿನಕ್ಕೆ 274. ಅಂದರೆ ಹಳೇ ರಸ್ತೆಯಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಬರುವುದು. ಭಾನುವಾರ, ಹಬ್ಬ, ಜ್ವರ ಯಾವುದನ್ನೂ ನೋಡದೆ ಅರ್ಧ ಶತಮಾನ. (ಇಷ್ಟನ್ನೂ ಬೆಳಕು 17.5 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದರ ಜೊತೆ ಪೈಪೋಟಿ ಬೇಡ.)

ಇದು ರಸ್ತೆಯ ಲೆಕ್ಕ. ಬಾನೆಟ್ ಎತ್ತಿ ಒಳಗೆ ಇಣುಕಿದರೆ ಸಂಖ್ಯೆಗಳು ಹುಚ್ಚು ಹಿಡಿಸುತ್ತವೆ.

ಬಿ18 ಎಂಬ ಈ ಎಂಜಿನ್ನಿಗೆ ನಾಲ್ಕು ಸಿಲಿಂಡರ್, 1,778 ಸಿಸಿ, ಎರಡು ಎಸ್‌ಯು ಕಾರ್ಬೊರೇಟರ್, ಸುಮಾರು 115 ಅಶ್ವಶಕ್ತಿ. ಇಂದಿನ 1.2 ಲೀಟರಿನ ಹ್ಯಾಚ್‌ಬ್ಯಾಕ್ 80–90 ಕೊಡುತ್ತದೆ ಎಂದ ಮೇಲೆ ಇದೇನು ಮಹಾ ಅಲ್ಲ. ಓವರ್‌ಡ್ರೈವ್ ಇರುವ ಪಿ1800 ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,700 ಸುತ್ತು ತಿರುಗುತ್ತದೆ, ಅಂದರೆ ಮೈಲಿಗೆ 2,700. ಊರೊಳಗಿನ ಸಣ್ಣ ಗೇರುಗಳ ಓಡಾಟವನ್ನು ಬಿಟ್ಟೇಬಿಡೋಣ. 32.6 ಲಕ್ಷ ಮೈಲಿಗೆ ಕನಿಷ್ಠ 880 ಕೋಟಿ ಸುತ್ತಾಯಿತು. ಇವತ್ತು ಭೂಮಿಯ ಮೇಲಿರುವ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸುತ್ತು ಹಾಕಿದರೂ ಒಂದಿಷ್ಟು ಮಿಗುತ್ತದೆ.

ಪ್ರತಿ ಸುತ್ತಿಗೂ ಪಿಸ್ಟನ್ 8 ಸೆಂಟಿಮೀಟರ್ ಇಳಿದು 8 ಸೆಂಟಿಮೀಟರ್ ಏರಬೇಕು. ಗೇಣುದ್ದವೂ ಇಲ್ಲದ ಆ ಕೊಳವೆಯಲ್ಲಿ ಒಂದೊಂದು ಪಿಸ್ಟನ್ ಹೀಗೆ ಏರಿಳಿದೇ 14 ಲಕ್ಷ ಕಿ.ಮೀ. ಸವೆಸಿದೆ. ಚಂದ್ರನಿಗೆ ಹೋಗಿ, ಬಂದು, ಮತ್ತೆ ಚಂದ್ರನನ್ನು ಮುಟ್ಟಿ, ಮರಳುವ ದಾರಿಯಲ್ಲಿ ಮೂರರಲ್ಲಿ ಎರಡು ಪಾಲು ಮುಗಿಸಿದಷ್ಟು. ನಾಲ್ಕು ಪಿಸ್ಟನ್ನುಗಳೂ ಅಷ್ಟೇ. ಎಂಜಿನ್ ಎರಡು ಸಲ ಬಿಚ್ಚಿ ಕಟ್ಟಿಸಿದ್ದುಂಟು, ಮೊದಲನೆಯದು 6.8 ಲಕ್ಷ ಮೈಲಿಗೆ. ನಮ್ಮಲ್ಲಿ ಕಾರಿನ ಆಯಸ್ಸು ಮುಗಿಯಿತೆಂದು ಗುಜರಿಗೆ ಹಾಕುವ ಹೊತ್ತಿಗೆ ಈ ಎಂಜಿನ್ನಿನ ಮೊದಲ ರಿಪೇರಿಗೆ ಇನ್ನೂ ಎಂಟು ಲಕ್ಷ ಕಿ.ಮೀ. ಬಾಕಿ ಇರುತ್ತಿತ್ತು.

ಇನ್ನು ಕಿಡಿ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಸುತ್ತಿಗೆ ಎರಡು ಕಿಡಿ ಬೇಕು, ಒಟ್ಟು 1,760 ಕೋಟಿ. 1966ರ ಕಾರಿನಲ್ಲಿ ಕಿಡಿ ಹುಟ್ಟಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಸಿ.ಬಿ. ಪಾಯಿಂಟ್. ಅಂಬಾಸಡರ್, ಯೆಜ್ಡಿ ಬಿಚ್ಚಿ ಜೋಡಿಸಿದ ಹಳೇ ಮೆಕ್ಯಾನಿಕ್‌ಗಳಿಗೆ ಇದರ ಗುಟ್ಟು ಹೇಳಿಕೊಡಬೇಕಿಲ್ಲ. ಮುಚ್ಚಳ ತೆಗೆದರೆ ಎರಡು ಪುಟ್ಟ ಲೋಹದ ಬೊಟ್ಟುಗಳು. ಅವು ಅಗಲಿದಾಗ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಫೀಲರ್ ಗೇಜಿನ ಎಲೆ ತೂರಿಸಿ, ಹಗುರಾಗಿ ಹಿಡಿದಂತೆ ಆಗಬೇಕು, ಸಿಕ್ಕಿಕೊಳ್ಳಬಾರದು, ಅಷ್ಟು ನಾಜೂಕಾಗಿ ಸ್ಕ್ರೂ ತಿರುಗಿಸಿ ಕೂರಿಸಬೇಕು. ಬೊಟ್ಟು ಕಪ್ಪಾದರೆ ಮರಳು ಕಾಗದದಲ್ಲಿ ಉಜ್ಜಬೇಕು. ನಡುವೆ ಒಂದು ಫೈಬರ್ ತುಂಡು ತಿರುಗುವ ದಂಡಕ್ಕೆ ಸದಾ ಉಜ್ಜುತ್ತಾ ಸವೆಯುತ್ತದೆ. ಸವೆದಂತೆ ಸಂದು ಕಿರಿದಾಗುತ್ತದೆ, ಕಿಡಿಯ ಹೊತ್ತು ತಪ್ಪುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಗೊಣಗುತ್ತದೆ. ಇಂಥ ಕಾರನ್ನು ದಿನಬಳಕೆಗೆ ಇಟ್ಟುಕೊಂಡವರು ಮೊಟ್ಟಮೊದಲು ಬದಲಿಸುವುದು ಇದನ್ನೇ. ಪಾಯಿಂಟ್ ಕಿತ್ತು, ಅದೇ ಡಿಸ್ಟ್ರಿಬ್ಯೂಟರಿನೊಳಗೆ ಬೆರಳ ಗಾತ್ರದ ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುತ್ತಾರೆ. ಒಂದಕ್ಕೊಂದು ತಾಗುವುದೇ ಇಲ್ಲವೆಂದ ಮೇಲೆ ಸವೆತವೆಲ್ಲಿ? ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ಹಳೇ ಸ್ಪೋರ್ಟ್ಸ್ ಕಾರನ್ನು ‘ಅಪ್‌ಗ್ರೇಡ್’ ಮಾಡಿಸುತ್ತೇನೆ ಎಂದವರ ಮನಸ್ಸು ಸಾಮಾನ್ಯವಾಗಿ ಅಶ್ವಶಕ್ತಿಯ ಹಿಂದೆ ಓಡುತ್ತದೆ. ಅದರ ತುತ್ತತುದಿಯನ್ನೂ ಸ್ವೀಡನ್ನಿನವರೇ ತೋರಿಸಿದ್ದಾರೆ: ಸಯಾನ್ ರೇಸಿಂಗ್ ಎಂಬ ತಂಡ 2020ರಲ್ಲಿ ಪಿ1800ರ ಚಿಪ್ಪಿನೊಳಗೆ 420 ಅಶ್ವಶಕ್ತಿಯ ಟರ್ಬೊ ಎಂಜಿನ್ ತುರುಕಿ, ತೂಕವನ್ನು 990 ಕಿಲೋಗೆ ಇಳಿಸಿತು. ನೋಡಲು ಎರಡು ಕಣ್ಣು ಸಾಲದು, ಒಪ್ಪುತ್ತೇನೆ. ಹಾಲು ತರಲು ಮಾತ್ರ ಅದನ್ನು ಯಾರೂ ಹೊರಗೆ ತೆಗೆಯುವುದಿಲ್ಲ. ದಿನಾ ಓಡಿಸುವವರ ಪಟ್ಟಿಯಲ್ಲಿ ಗ್ಲ್ಯಾಮರ್ ಕಡಿಮೆ: ಡೈನಮೋ ಜಾಗಕ್ಕೆ ಆಲ್ಟರ್ನೇಟರ್, ಹೆಡ್‌ಲೈಟಿಗೆ ರಿಲೇ, ಒಳ್ಳೆಯ ರೇಡಿಯಲ್ ಟೈರ್, ಗಟ್ಟಿ ಉಕ್ಕಿನ ವಾಲ್ವ್ ಸೀಟು.

ಕೊನೆಯದಕ್ಕೆ ಒಂದು ಕಥೆಯಿದೆ. 1966ರ ಪೆಟ್ರೋಲಿನಲ್ಲಿ ಸೀಸ ಇತ್ತು. ಎಂಜಿನ್ ಬಡಿತ ತಡೆಯಲೆಂದು ಹಾಕಿದ ಆ ವಿಷ, ಬಿಸಿ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವೆ ತೆಳ್ಳನೆಯ ಮೆತ್ತೆಯಾಗಿಯೂ ಕೂರುತ್ತಿತ್ತು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ 1996ಕ್ಕೆ ಪೂರ್ತಿ ನಿಂತಿತು, ಭಾರತದಲ್ಲಿ 2000ದ ಫೆಬ್ರವರಿಗೆ. ನಿಂತಿದ್ದು ಮಕ್ಕಳ ಪುಣ್ಯ. ಹಳೇ ಎಂಜಿನ್ನುಗಳಿಗೆ ಮಾತ್ರ ಮೆತ್ತೆ ಹೋಯಿತು. ಎರಡು ಸುತ್ತಿಗೊಮ್ಮೆ ವಾಲ್ವ್ ತೆರೆದು ಮುಚ್ಚುತ್ತದೆ ಎಂದರೆ ಗಾರ್ಡನ್ ಕಾರಿನಷ್ಟು ಓಡಿದಾಗ ಒಂದೊಂದು ವಾಲ್ವ್ ತನ್ನ ಸೀಟಿಗೆ ಬಡಿಯುವುದು 440 ಕೋಟಿ ಸಲ. ಮೆದು ಲೋಹ ಎಷ್ಟೆಂದು ತಾಳೀತು?

ಹಾಗಾದರೆ ಈ ಕಾರು ತಾಳಿದ್ದು ಹೇಗೆ? ಕಂಪನಿಯ ಪುಸ್ತಕ ಹೇಳಿದಂತೆ ಸರ್ವೀಸ್ ಮಾಡಿಸಿದೆ, ಸುಮಾರು 3,500 ಮೈಲಿಗೊಮ್ಮೆ ಆಯಿಲ್ ಬದಲಿಸಿದೆ ಎಂಬುದು ಗಾರ್ಡನ್ ವಿವರಣೆ. ಆ ಲೆಕ್ಕಕ್ಕೆ 930 ಸಲ ಆಯಿಲ್ ಬದಲಾಗಿದೆ. ಎಂಜಿನ್ನೂ ಗಟ್ಟಿಯೇ. ಹಿಂದಿನ ಬಿ16ಕ್ಕೆ ಕ್ರ್ಯಾಂಕ್ ಹೊರಲು ಮೂರು ಬೇರಿಂಗ್ ಇದ್ದರೆ ಇದಕ್ಕೆ ಐದು. ಆದರೆ ನನ್ನ ಮಟ್ಟಿಗೆ ದೊಡ್ಡ ಗುಟ್ಟು ಆ 125 ಮೈಲಿಯ ದಾರಿಯಲ್ಲೇ ಇದೆ.

ಓಡುತ್ತಿರುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗನ್ನು ಮುಟ್ಟುವುದಿಲ್ಲ. ಕೂದಲೆಳೆಗಿಂತ ತೆಳುವಾದ ಆಯಿಲ್ ಪೊರೆಯ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ಉಜ್ಜುವುದು ತಣ್ಣಗಿನ ಎಂಜಿನ್ ಎಚ್ಚರಗೊಳ್ಳುವ ಆ ಮೊದಲ ಗಳಿಗೆಗಳಲ್ಲಿ. ಆಯಿಲ್ ಇನ್ನೂ ಮೇಲೇರಿರುವುದಿಲ್ಲ. ಚೋಕ್ ಎಳೆದಿದ್ದರಿಂದ ಹೆಚ್ಚಾಗಿ ಬಂದ ಪೆಟ್ರೋಲ್ ಸಿಲಿಂಡರ್ ಗೋಡೆಗೆ ಅಂಟಿದ ಆಯಿಲನ್ನೂ ತೊಳೆದುಹಾಕುತ್ತದೆ. ಉರಿದಾಗ ಹುಟ್ಟುವ ನೀರಿನ ಆವಿ ಒಳಗೇ ತಣಿದು ಆಯಿಲಿಗೆ ಸೇರುತ್ತದೆ. ಆಯಿಲ್ ಪೂರ್ತಿ ಬಿಸಿಯೇರಲು ಹತ್ತು ಹದಿನೈದು ನಿಮಿಷವಾದರೂ ಬೇಕು. ಬೆಳಿಗ್ಗೆ ಒಂದು, ಸಂಜೆ ಒಂದು ಸ್ಟಾರ್ಟ್, ಪ್ರತಿಸಲವೂ 100 ಕಿ.ಮೀ. ಓಟ ಎಂದರೆ 52.5 ಲಕ್ಷಕ್ಕೆ ಆದದ್ದು 52,500 ಸ್ಟಾರ್ಟ್. ಅಷ್ಟೇ ದೂರವನ್ನು ಜಯನಗರದಿಂದ ಮಲ್ಲೇಶ್ವರಕ್ಕೆ ಎಂಬಂತೆ ಹತ್ತತ್ತು ಕಿಲೋಮೀಟರಾಗಿ ಕತ್ತರಿಸಿದ್ದರೆ 5.25 ಲಕ್ಷ. ಕಾರು ಸವೆಯುತ್ತದೆಂದು ಮುಸುಕು ಹೊದಿಸಿ, ಭಾನುವಾರಕ್ಕೊಮ್ಮೆ ಗಣಪತಿ ದೇವಸ್ಥಾನದವರೆಗೆ ಒಂದು ಸುತ್ತು ಹಾಕಿ ತಂದು ನಿಲ್ಲಿಸುವವರು ಅದಕ್ಕೆ ಉಪಕಾರ ಮಾಡುತ್ತಿಲ್ಲ.

ಓವರ್‌ಡ್ರೈವ್‌ನದೂ ಸಣ್ಣ ಪಾತ್ರವಲ್ಲ. ಸ್ವಿಚ್ಚೊಂದನ್ನು ಒತ್ತಿದರೆ ಕಾರಿನ ವೇಗ ಹಾಗೇ ಇದ್ದು ಎಂಜಿನ್ನಿನ ಸುತ್ತು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ತಗ್ಗುತ್ತದೆ. ಅದೊಂದು ಇಲ್ಲದಿದ್ದರೆ 880 ಕೋಟಿಯ ಜಾಗದಲ್ಲಿ 1,100 ಕೋಟಿ ಬರೆಯಬೇಕಾಗುತ್ತಿತ್ತು.

ಹೆಮ್ಮೆಪಡಲಾಗದ ಲೆಕ್ಕವನ್ನೂ ಹೇಳಿಬಿಡಬೇಕು. ಲೀಟರಿಗೆ 11 ಕಿ.ಮೀ. ಎಂದು ಹಿಡಿದರೆ ಸುಟ್ಟ ಪೆಟ್ರೋಲ್ 4.77 ಲಕ್ಷ ಲೀಟರ್. ನಮ್ಮ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ನಲವತ್ತು ಟ್ಯಾಂಕರ್. ಒಂದು ಟನ್ ಚಿಲ್ಲರೆ ತೂಕದ ಕಾರು 350 ಟನ್ ಪೆಟ್ರೋಲ್ ಕುಡಿದು, ಸುಮಾರು 1,100 ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಿದೆ. ಹೊಗೆ ಸೋಸುವ ಕ್ಯಾಟಲಿಟಿಕ್ ಕನ್ವರ್ಟರ್ ಆ ಕಾಲದ ಕಾರುಗಳಿಗೆ ಇರಲೇ ಇಲ್ಲ. ಒಂದು ಕಾರಿಗೆ ಎರಡೂವರೆ ಲಕ್ಷ ಕಿ.ಮೀ. ಎಂದರೆ ಇನ್ನೂ ಇಪ್ಪತ್ತು ಕಾರು ಮಾಡುವ ಉಕ್ಕು ಉಳಿಯಿತು ಎಂದು ಸಮಾಧಾನ ಹೇಳಬಹುದು. ವರ್ಷಕ್ಕೆ ಲಕ್ಷ ಕಿ.ಮೀ. ಓಡುವವರ ವಿಷಯದಲ್ಲಿ ಆ ವಾದ ನಿಲ್ಲುವುದಿಲ್ಲ. ಉಳಿದ ಉಕ್ಕಿನ ಪುಣ್ಯವನ್ನೆಲ್ಲ ಪೆಟ್ರೋಲೇ ನುಂಗಿಹಾಕುತ್ತದೆ.

ನಮ್ಮ ನಾಡಿನಲ್ಲಿ ವೋಲ್ವೋ ಎಂದರೆ ಕೂಪೆ ನೆನಪಾಗುವುದಿಲ್ಲ, ಕೆಎಸ್ಸಾರ್ಟಿಸಿಯ ಐರಾವತ ನೆನಪಾಗುತ್ತದೆ. ಹೊಸಕೋಟೆಯ ಕಾರ್ಖಾನೆಯಿಂದ ಹೊರಟ ಆ ಬಸ್ಸುಗಳು ದಿನಕ್ಕೆ ನೂರಾರು ಕಿಲೋಮೀಟರ್ ಓಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅವುಗಳ ಹಿಂದೆ ಡಿಪೊ ಇದೆ, ಪಾಳಿಯ ಮೇಲೆ ಬರುವ ಚಾಲಕರಿದ್ದಾರೆ. ಈ ಕೂಪೆಯ ಚಾಲಕನ ಸೀಟಿನಲ್ಲಿದ್ದದ್ದು ಒಬ್ಬರೇ. ಎಲ್ಲ ಸೇರಿ 47,000ಕ್ಕೂ ಹೆಚ್ಚು ಪಿ1800ಗಳು ಹುಟ್ಟಿ, 1973ಕ್ಕೆ ಉತ್ಪಾದನೆಯೇ ನಿಂತುಹೋಯಿತು. ಆಗ ಗಾರ್ಡನ್ ಕಾರಿಗೆ ಏಳು ವರ್ಷ, ಮುಂದೆ ಇನ್ನೂ 45 ವರ್ಷದ ಓಟ ಬಾಕಿ. ನಮ್ಮ ಆರ್‌ಟಿಒ ಲೆಕ್ಕದಲ್ಲಾದರೆ 1981ಕ್ಕೆ ಹದಿನೈದು ತುಂಬಿ, ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ಎಂಟು ಸಲ ಆರ್‌ಸಿ ನವೀಕರಣದ ಸಾಲಿನಲ್ಲಿ ನಿಲ್ಲಬೇಕಿತ್ತು.

30 ಲಕ್ಷ ಮೈಲಿ ಮುಟ್ಟಿದಾಗ, ಇನ್ನು 40 ಲಕ್ಷವೋ ಎಂದು ಕೇಳಿದವರಿಗೆ ಗಾರ್ಡನ್ ಹೇಳಿದ್ದರ ಸಾರ ಇಷ್ಟು: ಕಾರಿನ ಬಿಡಿಭಾಗಗಳು ತಾಳಬಹುದು, ನನ್ನವು ತಾಳುತ್ತವೆಂಬ ಖಾತ್ರಿಯಿಲ್ಲ. ಹಾಗೆಂದು ಸುಮ್ಮನೆ ಕೂರಲಿಲ್ಲ. ಎಪ್ಪತ್ತು ದಾಟಿದ ಮೇಲಿನ ಆ ಐದು ವರ್ಷಗಳಲ್ಲೂ ವರ್ಷಕ್ಕೆ ಐವತ್ತು ಸಾವಿರ ಮೈಲಿಯಂತೆ ಓಡಿಸಿದರು. 2018ರ ನವೆಂಬರಿನಲ್ಲಿ, ಚೀನಾ ಪ್ರವಾಸದಲ್ಲಿದ್ದಾಗ ತೀರಿಕೊಂಡರು. 40 ಲಕ್ಷಕ್ಕೆ ಇನ್ನೂ 7.4 ಲಕ್ಷ ಮೈಲಿ ಬೇಕಿತ್ತು, ಆ ಕೊನೆಯ ವರ್ಷಗಳ ವೇಗದಲ್ಲಿ ಸುಮಾರು ಹದಿನೈದು ವರ್ಷದ ದಾರಿ.