ಆಪ್ತಸಮಾಲೋಚನೆಯಲ್ಲಿ ಆಡಿದ ಮಾತು ಹೊರಗೆ ಹೋಗುತ್ತದೆಯೇ?

‘ಡಾಕ್ಟರ್ ಕಡೆ ಹೋಗಾಕ ಅಂಜಿಕಿ ಇಲ್ರಿ, ಮಂದಿ ಏನಂತಾರ ಅನ್ನೂದ ಅಂಜಿಕಿ.’ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮನಸ್ಸಿನ ಕಾಯಿಲೆಯ ಮಾತು ಬಂದರೆ ಮೊದಲು ಕೇಳುವುದು ಇದೇ. ಊರು ಸಣ್ಣದು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರೂ ಪರಿಚಯದವರೇ. ನಿದ್ದೆಗೆಟ್ಟದ್ದು, ಗಂಡನ ಕುಡಿತ, ಸಾಲದ ಚಿಂತೆ ಹೇಳಿಕೊಂಡರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾದೀತು ಎಂಬ ಭಯ ಸಹಜ.

ಸೈಕೋಥೆರಪಿ ಎಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆ. ಮನಸ್ಸು ಬಿಚ್ಚದಿದ್ದರೆ ಅದು ನಡೆಯುವುದೇ ಇಲ್ಲ. ಅದಕ್ಕೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೌಪ್ಯತೆಯನ್ನು ರೋಗಿಯ ಹಕ್ಕು ಎಂದು ಬರೆದಿದೆ. ಇದು 2018ರ ಮೇ 29ರಿಂದ ಜಾರಿಯಲ್ಲಿದೆ. 23ನೇ ಕಲಮಿನ ಪ್ರಕಾರ, ಚಿಕಿತ್ಸೆ ಕೊಡುವವರು ನಿಮ್ಮ ವಿಷಯವನ್ನು ಗುಟ್ಟಾಗಿಡಲೇಬೇಕು. ನಿಮ್ಮ ಒಪ್ಪಿಗೆ ಇಲ್ಲದೆ ಫೋಟೊ, ಮಾಹಿತಿಯನ್ನು ಪತ್ರಿಕೆ, ಟಿವಿಗೆ ಕೊಡುವಂತಿಲ್ಲ ಎನ್ನುತ್ತದೆ 24ನೇ ಕಲಮು.

ಹಾಗಾದರೆ ಯಾವಾಗಲೂ ಗುಟ್ಟೇ? ಇಲ್ಲ. ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿ ಆಗುವಂತಿದ್ದರೆ, ಅದನ್ನು ತಪ್ಪಿಸಲು ಬೇಕಾದಷ್ಟು ಮಾತ್ರ ಹೇಳಬಹುದು. ಚಿಕಿತ್ಸೆಗೆ ಬೇಕಾದರೆ ಇನ್ನೊಬ್ಬ ವೈದ್ಯರಿಗೆ ತಿಳಿಸಬಹುದು. ಹೈಕೋರ್ಟ್ ಅಥವಾ ಅಧಿಕಾರವುಳ್ಳ ಸಂಸ್ಥೆ ಆದೇಶಿಸಿದರೆ, ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಬಂದರೆ ಕೊಡಬೇಕಾಗುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಾಯುವ ವಿಚಾರ ಬಂದಿದೆ ಎಂದರೆ ಕೇಸ್ ಹಾಕುತ್ತಾರೆಯೇ ಎಂದು ಹಲವರು ಹೆದರುತ್ತಾರೆ. ಹಾಗೆ ಯೋಚನೆ ಬರುವುದು ಅಪರಾಧವೇ ಅಲ್ಲ. ದಯವಿಟ್ಟು ಆ ಮಾತನ್ನು ಮುಚ್ಚಿಡಬೇಡಿ.

ಮನೆಯವರ ವಿಷಯ ಸ್ವಲ್ಪ ಸೂಕ್ಷ್ಮ. ನಮ್ಮಲ್ಲಿ ಅತ್ತೆ, ಮಾವ, ಅಣ್ಣ ಎಲ್ಲರೂ ಜೊತೆಗೆ ಬರುತ್ತಾರೆ, ‘ಏನಂದ್ಳು?’ ಎಂದು ವಿಚಾರಿಸುತ್ತಾರೆ. ಅವರೆಲ್ಲರಿಗೂ ಉತ್ತರಿಸುವ ಹಂಗು ಚಿಕಿತ್ಸಕರಿಗಿಲ್ಲ. ಆದರೆ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯಲ್ಲಿ ನಿಮ್ಮ ಪರವಾಗಿ ನಿಲ್ಲುವವರು, ತಮ್ಮ ಹೊಣೆಗೆ ಬೇಕಾದಷ್ಟು ಮಾಹಿತಿ ಪಡೆಯಬಹುದು. ಅವರು ಯಾರೆಂದು ಆರಿಸುವವರು ನೀವೇ. ಬಿಳಿ ಹಾಳೆಯ ಮೇಲೆ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು. ಆ ವ್ಯಕ್ತಿಯೂ ಒಪ್ಪಿಗೆ ಬರೆದುಕೊಡಬೇಕು. ಸ್ಟಾಂಪ್ ಪೇಪರ್ ಬೇಡ. ಬರೆದುಕೊಡದಿದ್ದರೆ ಆ ಸ್ಥಾನ ಸಾಮಾನ್ಯವಾಗಿ ಸಂಬಂಧಿಕರಿಗೆ ಹೋಗುತ್ತದೆ. ಗಂಡನ ಮನೆಯಲ್ಲಿ ಕಷ್ಟಪಡುವ ಹೆಣ್ಣುಮಗಳು ತನ್ನ ತಂಗಿಯ ಹೆಸರು ಬರೆಯಬಹುದು ಎಂಬುದನ್ನು ಊರೂರಿಗೆ ಹೇಳಬೇಕು ಅನ್ನಿಸುತ್ತದೆ ನನಗೆ. 18 ವರ್ಷದೊಳಗಿನವರಿಗೆ ಮಾತ್ರ ಪಾಲಕರೇ ಪ್ರತಿನಿಧಿ.

ಮೊದಲ ಭೇಟಿಯಲ್ಲೇ ಕೆಲವು ಪ್ರಶ್ನೆ ಕೇಳಿ, ಸಂಕೋಚ ಬೇಡ. ನಾನು ಹೇಳಿದ್ದನ್ನು ಎಲ್ಲಿ ಬರೆದಿಡುತ್ತೀರಿ? ಯಾರು ಓದುತ್ತಾರೆ? ನನ್ನ ಮೊಬೈಲ್ ಮನೆಯವರ ಕೈಯಲ್ಲಿರುತ್ತದೆ, ಮೆಸೇಜ್ ಹಾಕದೆ ಇರುತ್ತೀರಾ? ಬರಲಾಗದ ದಿನ ಫೀ ಕಟ್ಟಬೇಕೇ? ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿಸಿಕೊಂಡು ಆಮೇಲೆ ಸಹಿ ಮಾಡಿ. ಬೋರ್ಡು ಹಾಕಿದವರೆಲ್ಲ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ.

ಖರ್ಚಿನ ಮಾತು. ಬಿಪಿಎಲ್ ಕುಟುಂಬದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಉಚಿತ. ಕೈಯಲ್ಲಿ ಕಾರ್ಡ್ ಇಲ್ಲದಿದ್ದರೂ ಈ ಹಕ್ಕಿದೆ. ಖಾಸಗಿಯಲ್ಲಿ ಒಬ್ಬೊಬ್ಬರದು ಒಂದೊಂದು ದರ, ಮೊದಲೇ ಕೇಳಿಕೊಳ್ಳಿ.

ಎಲ್ಲಿಗೆ ಹೋಗಬೇಕು? ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ. ಊರಿನವರ ಕಣ್ಣಿಗೆ ಬೀಳುವುದು ಬೇಡವೆಂದರೆ ವಿಜಯಪುರದ ಜಿಲ್ಲಾ ಆಸ್ಪತ್ರೆ ಇದೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಗುಟ್ಟು ಬಯಲಾದರೆ ಆಸ್ಪತ್ರೆಯ ಮುಖ್ಯಸ್ಥರಿಗೆ, ಅಲ್ಲಿ ಆಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಿ. ಕಾಯ್ದೆ ಮೀರಿದವರಿಗೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬಸ್ ಹತ್ತಲೂ ಧೈರ್ಯವಾಗದಿದ್ದರೆ ಒಬ್ಬರೇ ಇರುವ ಜಾಗದಿಂದ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡುತ್ತಾರೆ.