ನಲವತ್ತೊಂದು ಲಕ್ಷದ ಬಳಗ, ಹದಿನೆಂಟರ ಹುಡುಗ

ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಫ್ರೀಮೇಸನರೆಂಬ ಸೋದರ ಬಳಗದ ಭವನವಿದೆ. ಅದರ ಮುಖ್ಯ ಸಭಾಂಗಣದ ಕಂಚಿನ ಬಾಗಿಲುಗಳು ಒಂದೊಂದೂ ಒಂದೂಕಾಲು ಟನ್ ತೂಗುತ್ತವೆ. ಒಳಗೆ 1,700 ಜನ ಕೂರಬಹುದು. ಮೊದಲ ಮಹಾಯುದ್ಧದಲ್ಲಿ ಮಡಿದ 3,225 ಸದಸ್ಯರ ಸ್ಮಾರಕವಾಗಿ 1933ರಲ್ಲಿ ಕಟ್ಟಿ ಮುಗಿಸಿದ ಭವನ ಇದು. ಒಂದೇ ಬಳಗ, ಒಂದೇ ಯುದ್ಧ, ಅಷ್ಟು ಮನೆಗಳ ಸೂತಕ!

ಅಟ್ಲಾಂಟಿಕಿನ ಆಚೆ ನೋಡಿದರೆ ಲೆಕ್ಕ ಇನ್ನೂ ದೊಡ್ಡದು. 1959ರಲ್ಲಿ ಅಮೆರಿಕದಲ್ಲಿ ಸುಮಾರು 41 ಲಕ್ಷ ಫ್ರೀಮೇಸನರಿದ್ದರು. ಈಗ ಉಳಿದವರು ಹತ್ತು ಲಕ್ಷಕ್ಕೂ ಕಡಿಮೆ. ಜಗಳವಿಲ್ಲ, ನಿಷೇಧವಿಲ್ಲ. ಹಿರಿಯರು ತೀರಿಕೊಂಡರು, ಆ ಜಾಗಕ್ಕೆ ಕಿರಿಯರು ಬರಲಿಲ್ಲ. ಅರವತ್ತು ವರ್ಷಗಳಲ್ಲಿ ಮೂವತ್ತು ಲಕ್ಷ ಜನ ಕರಗಿಹೋದರು.

ಕಿರಿಯರನ್ನು ಸೆಳೆಯಲು, ಇಂಗ್ಲೆಂಡಿನ ಫ್ರೀಮೇಸನರ ಕೇಂದ್ರ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್ 2005ರಲ್ಲಿ ವಿಶ್ವವಿದ್ಯಾಲಯಗಳ ಕಡೆ ಮುಖ ಮಾಡಿತು. ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಸ್ಥಳೀಯ ಘಟಕಗಳು, ಅಂದರೆ ಲಾಡ್ಜ್‌ಗಳು ಇಂದು ಎಂಬತ್ತಕ್ಕೂ ಹೆಚ್ಚು. ಹಿಂದೆಲ್ಲ ವಿಶೇಷ ಅನುಮತಿ ಇಲ್ಲದಿದ್ದರೆ 21 ತುಂಬಬೇಕಿತ್ತು. ವಿದ್ಯಾರ್ಥಿಗೆ ಈಗ 18 ಸಾಕು. ಈ ಲಾಡ್ಜ್‌ಗಳು ಗಂಡಸರಿಗೆ ಮಾತ್ರ. ಹೆಂಗಸರ ಪ್ರತ್ಯೇಕ ಫ್ರೀಮೇಸನ್ ಸಂಘ 1908ರಷ್ಟು ಹಿಂದೆಯೇ ಹುಟ್ಟಿದೆ.

ಈ ಯೋಜನೆ ಹೊಸದು, ತರುಣರೊಂದಿಗಿನ ನಂಟು ಹಳೆಯದು. ಆಕ್ಸ್‌ಫರ್ಡಿನ ಅಪೊಲೊ ಲಾಡ್ಜ್ ಆರಂಭವಾದದ್ದು 1819ರಲ್ಲಿ, ಕೇಂಬ್ರಿಜ್‌ನ ಐಸಾಕ್ ನ್ಯೂಟನ್ ಲಾಡ್ಜ್ 1861ರಲ್ಲಿ. 1875ರಲ್ಲಿ ಅಪೊಲೊದಲ್ಲಿ ದೀಕ್ಷೆ ಪಡೆದ ವಿದ್ಯಾರ್ಥಿ ಆಸ್ಕರ್ ವೈಲ್ಡ್‌ಗೆ ಇಪ್ಪತ್ತು ವರ್ಷ. 1886ರಲ್ಲಿ ಲಾಹೋರಿನ ಲಾಡ್ಜ್ ಸೇರಿದಾಗ ಪತ್ರಕರ್ತ ರಡ್ಯಾರ್ಡ್ ಕಿಪ್ಲಿಂಗ್‌ಗೂ ಇಪ್ಪತ್ತೇ. 1884ರ ಫೆಬ್ರುವರಿಯಲ್ಲಿ ಕಲ್ಕತ್ತೆಯ ಆಂಕರ್ ಅಂಡ್ ಹೋಪ್ ಲಾಡ್ಜ್ ಒಬ್ಬ ತರುಣನಿಗೆ ದೀಕ್ಷೆ ಕೊಟ್ಟಿತು. ಅವನಿಗೆ ಇಪ್ಪತ್ತೊಂದು, ಹೆಸರು ನರೇಂದ್ರನಾಥ ದತ್ತ. ಒಂಬತ್ತು ವರ್ಷಗಳ ಮೇಲೆ ಶಿಕಾಗೋದಲ್ಲಿ ಜಗತ್ತು ಅವನನ್ನು ವಿವೇಕಾನಂದ ಎಂದು ಕಂಡಿತು.

ಕಾಲೇಜಿನ ಹುಡುಗನಿಗೆ ಫ್ರೀಮೇಸನ್ರಿಯನ್ನು ಪರಿಚಯಿಸುವವರು ಟನ್ನು, ಲಕ್ಷಗಳ ಲೆಕ್ಕದಲ್ಲೇ ನಿಲ್ಲಬಾರದು. ಸೇರುವವನಿಗೆ ಪರಮಶಕ್ತಿಯೊಂದರಲ್ಲಿ ನಂಬಿಕೆ ಇರಬೇಕು, ಲಾಡ್ಜಿನೊಳಗೆ ಮತ ಮತ್ತು ರಾಜಕೀಯದ ಚರ್ಚೆ ಕೂಡದು, ದಾನ ಕರ್ತವ್ಯ: ಇವನ್ನು ಮೊದಲೇ ಬಿಚ್ಚಿ ಹೇಳಬೇಕು. ಕೇಳಿ, ಯೋಚಿಸಿ, ಬೇಡವೆನ್ನುವ ಹಕ್ಕೂ ಅವನಿಗಿರಲಿ. ಭವನ ಎಷ್ಟೇ ಭವ್ಯವಾಗಿದ್ದರೂ ಮುಂದಿನ ತಲೆಮಾರು ಒಬ್ಬೊಬ್ಬನಾಗಿ, ತಿಳಿದು ಒಪ್ಪಿಯೇ ಒಳಗೆ ಬರಬೇಕು. ಹಾಗೆ ಬಂದ ಹತ್ತು ಜನ, ಹೆಸರಿಗಷ್ಟೇ ಸೇರಿದ ಸಾವಿರ ಜನರಿಗಿಂತ ಹೆಚ್ಚು ಕಾಲ ಬಳಗವನ್ನು ಉಳಿಸುತ್ತಾರೆ.