ಆಂಟಿಬಯೋಟಿಕ್‌ಗೆ ಬಗ್ಗದ ಸೋಂಕಿನ ಹೊರೆ ಎಷ್ಟು?

ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ನೇರ ಕಾರಣವಾಯಿತು ಎಂಬುದು 2022ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಂದಾಜು. ಆ ವರ್ಷ ಮಲೇರಿಯಾ ಬಲಿ ತೆಗೆದುಕೊಂಡದ್ದು ಇದಕ್ಕಿಂತ ಕಡಿಮೆ. ಇಂಥ ಸೋಂಕು ಪಾತ್ರ ವಹಿಸಿದ ಎಲ್ಲ ಸಾವುಗಳನ್ನೂ ಸೇರಿಸಿದರೆ ಸಂಖ್ಯೆ 49.5 ಲಕ್ಷಕ್ಕೆ ಏರುತ್ತದೆ.

ಹೊರೆ ಸಾವಿನ ಲೆಕ್ಕಕ್ಕೆ ಮುಗಿಯುವುದಿಲ್ಲ. ಸಿಸೇರಿಯನ್, ಕ್ಯಾನ್ಸರ್‌ನ ಕೀಮೊಥೆರಪಿ, ಅಂಗಾಂಗ ಕಸಿ ಇವೆಲ್ಲ ಆಂಟಿಬಯೋಟಿಕ್‌ನ ಆಸರೆಯಲ್ಲೇ ನಿಂತಿವೆ. ಆ ಆಸರೆ ಕುಸಿದರೆ ಸಾಮಾನ್ಯ ಶಸ್ತ್ರಚಿಕಿತ್ಸೆಯೂ ಅಪಾಯಕಾರಿ. ನಂಜೇರಿದ ನವಜಾತ ಶಿಶುವಿಗಂತೂ ಸರಿಯಾದ ಔಷಧ ಹುಡುಕುವಷ್ಟು ಸಮಯವೇ ಇರುವುದಿಲ್ಲ.

ಹಣದ ನಷ್ಟಕ್ಕೆ ಕ್ಷಯರೋಗ ಸ್ಪಷ್ಟ ಉದಾಹರಣೆ. ಸಾಮಾನ್ಯ ಕ್ಷಯ ಆರು ತಿಂಗಳ ಅಗ್ಗದ ಮಾತ್ರೆಗಳಿಂದ ಗುಣವಾಗುತ್ತದೆ. ಔಷಧ ನಿರೋಧಕ ಕ್ಷಯಕ್ಕೆ ಇತ್ತೀಚಿನವರೆಗೂ ಒಂದೂವರೆ, ಎರಡು ವರ್ಷ ಬೇಕಾಗುತ್ತಿತ್ತು. ಆ ಚಿಕಿತ್ಸೆಯ ಚುಚ್ಚುಮದ್ದಿನಿಂದ ಕೆಲವರು ಕಿವುಡರಾದರು. ಹೊಸ ಔಷಧಗಳು ಅವಧಿಯನ್ನು ಆರು ತಿಂಗಳಿಗೆ ಇಳಿಸಿವೆ, ಇದು ನಿಜಕ್ಕೂ ದೊಡ್ಡ ಸಮಾಧಾನ. ಸರ್ಕಾರ ಮಾತ್ರೆಯನ್ನು ಉಚಿತವಾಗಿ ಕೊಟ್ಟರೂ ಕಳೆದುಹೋದ ಕೂಲಿ, ಪ್ರಯಾಣ, ಪೌಷ್ಟಿಕ ಆಹಾರದ ಖರ್ಚು ಮನೆಯವರ ಹೆಗಲಿಗೇ ಬೀಳುತ್ತದೆ. ಔಷಧ ನಿರೋಧಕ ಕ್ಷಯ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವುದು ಭಾರತದಲ್ಲಿ.

ಔಷಧ ನಿರೋಧಕತೆ ಹೀಗೇ ಬೆಳೆದರೆ 2050ರ ಹೊತ್ತಿಗೆ ಜಗತ್ತಿನ ವಾರ್ಷಿಕ ಉತ್ಪನ್ನ ಶೇ 1.1ರಿಂದ 3.8ರಷ್ಟು ಕುಗ್ಗಬಹುದೆಂದು ವಿಶ್ವಬ್ಯಾಂಕ್ 2017ರಲ್ಲಿ ಅಂದಾಜಿಸಿತು. ಬಡ ದೇಶಗಳಿಗೇ ಪೆಟ್ಟು ಹೆಚ್ಚು. ಈ ಹೊರೆ ತಗ್ಗಿಸಲು ನಾವು ಮಾಡಬಹುದಾದದ್ದೂ ಇದೆ. ಶೀತ, ನೆಗಡಿಗೆ ಕಾರಣ ವೈರಸ್. ಅದಕ್ಕೆ ಆಂಟಿಬಯೋಟಿಕ್ ನುಂಗುವುದರಿಂದ ಪ್ರಯೋಜನವಿಲ್ಲ. ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ಅದನ್ನು ಕೇಳಬೇಡಿ.